ಸೋಗೆಯಡಿಯ ವಾಲ್ವ್ ಹುಡುಕಲು ಜಿಪಿಎಸ್ ಪೆಟ್ಟಿಗೆ: ಎಷ್ಟು ಮೀಟರ್ ನಂಬಬಹುದು?

ನಮ್ಮ ಕಡೆ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಶುರುವಾಗುವುದು ಹೆಚ್ಚುಕಡಿಮೆ ಡಿಸೆಂಬರ್ ಹೊತ್ತಿಗೆ. ಮಳೆ ಹಿಡಿದಾಗ ತಿರುಗಿಸಿ ಬಿಟ್ಟ ಗೇಟ್ ವಾಲ್ವ್‌ಗಳ ಮೇಲೆ ಅಷ್ಟರಲ್ಲಿ ಕೊಚ್ಚಿ ಬಂದ ಮಣ್ಣು, ಬಿದ್ದ ಸೋಗೆ, ಬುಡಕ್ಕೆ ಹಾಕಿದ ಸೊಪ್ಪು ಎಲ್ಲ ಕೂತಿರುತ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ತೋಟ ಗುಡ್ಡೆಯ ಬುಡದಿಂದ ತೋಡಿನವರೆಗೆ ಹಂತ ಹಂತವಾಗಿ ಇಳಿಯುತ್ತದೆ. ಯಾವ ಹಂತದಲ್ಲಿ ನಿಂತು ನೋಡಿದರೂ ಒಂದೇ ತರಹದ ಮರಗಳ ಸಾಲು. ಅಪ್ಪಚ್ಚಿಗೆ (ಚಿಕ್ಕಪ್ಪನಿಗೆ) ಎಲ್ಲ ವಾಲ್ವಿನ ಜಾಗವೂ ಬಾಯಿಪಾಠ. ಅವರು ಊರಲ್ಲಿಲ್ಲದ ದಿನ ಲೈನ್ ಬದಲಿಸಬೇಕಾದರೆ ಮಾತ್ರ ಪಿಕ್ಕಾಸು ಹಿಡಿದು ಅಂದಾಜಿನಲ್ಲಿ ಕೆರೆಯುತ್ತಾ ಹೋಗಬೇಕು. ವಾಲ್ವಿಗಿಂತ ಮೊದಲು ಪಿವಿಸಿ ಪೈಪ್ ಸಿಕ್ಕಿಬಿಟ್ಟರೆ ಕೆಲಸ ಎರಡಾಗುತ್ತದೆ.

ಅದಕ್ಕೆಂದೇ ಕೈಯಲ್ಲಿ ಹಿಡಿಯುವ ಪೆಟ್ಟಿಗೆಯೊಂದನ್ನು ಕಟ್ಟಿದೆ. ವಾಲ್ವಿನ ಸಂಖ್ಯೆ ಆರಿಸಿದರೆ ಪರದೆಯ ಮೇಲೆ ಬಾಣ, ಅದರ ಕೆಳಗೆ ದೂರ. ಕಟ್ಟುವ ಕೆಲಸ ಬೇಗ ಮುಗಿಯಿತು. ಪರದೆಯ ಮೇಲೆ ಬರುವ ಮೀಟರಿಗೆ ಏನು ಅರ್ಥ ಎಂದು ತಿಳಿಯುವುದಕ್ಕೇ ಹೆಚ್ಚು ಸಮಯ ಹೋದದ್ದು. ಈ ಬರಹದಲ್ಲಿಯೂ ಅದೇ ಹೆಚ್ಚಿದೆ.

ಸಾಮಾನು ಹೀಗಿದೆ: ಪ್ರೋಗ್ರಾಂ ಓಡುವ ಇಎಸ್‌ಪಿ32 ಬೋರ್ಡ್, ಯು-ಬ್ಲಾಕ್ಸ್ ನಿಯೋ-ಎಂ8ಎನ್ ಜಿಪಿಎಸ್ ರಿಸೀವರ್, 0.96 ಇಂಚಿನ ಒಎಲ್‌ಇಡಿ ಪರದೆ, ದಿಕ್ಸೂಚಿ ಚಿಪ್ ಇರುವ ಸಣ್ಣ ಬೋರ್ಡ್, ಒಂದು ಬಜರ್, ಎರಡು ಬಟನ್, 18650 ಬ್ಯಾಟರಿ, ಚಾರ್ಜಿಂಗಿಗೆ ಟಿಪಿ4056. ಹಳೆಯ ನಿಯೋ-6ಎಂ ರಿಸೀವರ್ ಕೂಡ ಕೈಯಲ್ಲಿತ್ತು. ಅದು ಅಮೆರಿಕದ ಜಿಪಿಎಸ್ ಉಪಗ್ರಹಗಳನ್ನಷ್ಟೇ ಹಿಡಿಯುತ್ತದೆ. ಎಂ8ಎನ್ ಜೊತೆಗೆ ರಷ್ಯದ ಗ್ಲೊನಾಸ್ ಉಪಗ್ರಹಗಳನ್ನೂ ಹಿಡಿಯುತ್ತದೆ. ಬಯಲಿನಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮರದಡಿಯಲ್ಲಿ ಅರ್ಧ ಉಪಗ್ರಹಗಳು ಸೋಗೆಯ ಹಿಂದೆ ಮರೆಯಾಗುವಾಗ ಉಳಿದವು ನಾಲ್ಕೋ ಹತ್ತೋ ಎಂಬುದರ ಮೇಲೆ ಎಲ್ಲವೂ ನಿಂತಿರುವುದರಿಂದ ಎಂ8ಎನ್ ಅನ್ನೇ ಇಟ್ಟುಕೊಂಡೆ.

ಬ್ಯಾಟರಿಯ ವಿಷಯದಲ್ಲಿ ಒಂದು ಮಾತು. ಇಎಸ್‌ಪಿ32 ಬೋರ್ಡಿನ ಮೇಲೆ ಸಾಮಾನ್ಯವಾಗಿ ಬರುವ ಎಎಂಎಸ್1117 ರೆಗ್ಯುಲೇಟರ್ ತಾನೇ ಒಂದು ವೋಲ್ಟಿಗಿಂತ ಹೆಚ್ಚು ನುಂಗುತ್ತದೆ. 3.7 ವೋಲ್ಟಿನ ಸೆಲ್ಲನ್ನು ನೇರ ಅದಕ್ಕೆ ಕೊಟ್ಟರೆ ಆಚೆ 3.3 ವೋಲ್ಟ್ ಬರುವುದಿಲ್ಲ, ಬೋರ್ಡ್ ಆಗಾಗ ರೀಸೆಟ್ ಆಗುತ್ತದೆ. ಐದು ವೋಲ್ಟಿಗೆ ಏರಿಸುವ ಬೂಸ್ಟ್ ಬೋರ್ಡ್ ಹಾಕಿದರೆ ರೀಸೆಟ್ ನಿಲ್ಲುತ್ತದೆ, ಆದರೆ ಆಂಟೆನಾದ ಪಕ್ಕದಲ್ಲಿಯೇ ಅದನ್ನು ಕೂರಿಸಿದಾಗ ಎಲ್ಲ ಉಪಗ್ರಹಗಳ ಸಿಗ್ನಲ್ ಅಂಕಿ ಒಟ್ಟಿಗೆ ನಾಲ್ಕೈದು ಇಳಿಯಿತು. ಬೂಸ್ಟ್ ತೆಗೆದು ಕಡಿಮೆ ನುಂಗುವ ರೆಗ್ಯುಲೇಟರ್ ಎಚ್‌ಟಿ7833 ಹಾಕಿದ ಮೇಲೆ ಸರಿಹೋಯಿತು. ಪವರ್ ಬ್ಯಾಂಕ್ ಬಳಸಲು ಹೊರಟವರಿಗೆ ಬೇರೆ ತಲೆನೋವಿದೆ: ಇಷ್ಟು ಸಣ್ಣ ಕರೆಂಟನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳದೆ ತಾನಾಗಿ ಆಫ್ ಆಗಿಬಿಡುತ್ತದೆ.

ಈ ಸಿಗ್ನಲ್ ಅಂಕಿಯನ್ನು ನೋಡುವ ಅಭ್ಯಾಸ ಮೊದಲೇ ಮಾಡಿಕೊಂಡರೆ ಒಳ್ಳೆಯದು. ರಿಸೀವರ್ ಅಕ್ಷರರೂಪದಲ್ಲಿ ಕಳಿಸುವ ಎನ್‌ಎಂಇಎ ಸಾಲುಗಳಲ್ಲಿ ಜಿಎಸ್‌ವಿ ಎಂಬುದು ಪ್ರತಿ ಉಪಗ್ರಹಕ್ಕೂ ನಾಲ್ಕು ಅಂಕಿ ಕೊಡುತ್ತದೆ: ಉಪಗ್ರಹದ ಸಂಖ್ಯೆ, ಆಕಾಶದಲ್ಲಿ ಅದರ ಎತ್ತರದ ಕೋನ, ದಿಕ್ಕು, ಕೊನೆಗೆ ಸಿಗ್ನಲ್ ಬಲ. ಅಂಗಳದಲ್ಲಿ ನಿಂತರೆ ತಲೆಯ ಮೇಲಿನ ಉಪಗ್ರಹಗಳಿಗೆ 40ರ ಮೇಲೆ ಬರಬೇಕು. ತೋಟದೊಳಗೆ ಅದೇ 25, 30ಕ್ಕೆ ಇಳಿಯುತ್ತದೆ. ಆಶ್ಚರ್ಯವೇನಿಲ್ಲ. ಉಪಗ್ರಹ ಇರುವುದು 20,200 ಕಿಲೋಮೀಟರ್ ಮೇಲೆ, ನೆಲ ಮುಟ್ಟುವ ಸಿಗ್ನಲ್ ಒಂದು ವಾಟಿನ ಕೋಟಿಯ ಒಂದು ಭಾಗ, ಅದರ ಕೋಟಿಯ ಒಂದು ಭಾಗ, ಅದರಲ್ಲಿಯೂ ನೂರರಲ್ಲೊಂದು. 1575.42 ಮೆಗಾಹರ್ಟ್ಸ್‌ನ ಆ ಅಲೆಯನ್ನು ನೀರು ಹೀರುತ್ತದೆ, ಮಳೆ ನಿಂತ ಕೂಡಲೇ ತೋಟದಲ್ಲಿರುವುದೆಲ್ಲ ನೀರೇ. ಹಸಿ ಸೋಗೆಯಡಿ ಪೆಟ್ಟಿಗೆ ತಡವರಿಸುತ್ತದೆ ಎಂದು ಬೈಯುವುದರಲ್ಲಿ ಅರ್ಥವಿಲ್ಲ, ಅಲ್ಲಿ ಅದು ಕೆಲಸ ಮಾಡುವುದೇ ದೊಡ್ಡದು.

ಆಂಟೆನಾ ಎಂದರೆ 25 ಮಿಲಿಮೀಟರಿನ ಚೌಕದ ಸೆರಾಮಿಕ್ ಬಿಲ್ಲೆ. ಅದರ ಮುಖ ಆಕಾಶಕ್ಕಿರಬೇಕು. ಎಷ್ಟೋ ಜನರ ಪೆಟ್ಟಿಗೆಯಲ್ಲಿ ಅದು ಅಡ್ಡ ನಿಂತಿರುತ್ತದೆ. ಬಿಲ್ಲೆಯ ಕೆಳಗೆ ಏಳು ಸೆಂಟಿಮೀಟರ್ ಚೌಕದ ತಾಮ್ರದ ಹಾಳೆ ಕೊಟ್ಟೆ, ಖಾಲಿ ಪಿಸಿಬಿ ತುಂಡು ಸಾಕು. ನೆಲದಿಂದ ಪ್ರತಿಫಲಿಸಿ ಬರುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ಮೇಲಿನ ಮುಚ್ಚಳ ಪ್ಲಾಸ್ಟಿಕ್ಕಿನದೇ ಆಗಬೇಕು. ಸ್ಟೀಲ್ ಡಬ್ಬಿ ಗಟ್ಟಿಯೇನೋ ಹೌದು, ಒಳಗಿನ ರಿಸೀವರ್‌ಗೆ ಆಕಾಶವೇ ಕಾಣುವುದಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುವ. ರಿಸೀವರಿನ ಡೇಟಾಶೀಟ್‌ನಲ್ಲಿ ನಿಖರತೆ 2.5 ಮೀಟರ್ ಸಿಇಪಿ ಎಂದಿದೆ. ಇದನ್ನು ಓದಿದವರು ಹತ್ತರಲ್ಲಿ ಒಂಬತ್ತು ಜನ "ಎರಡೂವರೆ ಮೀಟರಿಗಿಂತ ಹೆಚ್ಚು ತಪ್ಪುವುದಿಲ್ಲ" ಎಂದು ತಿಳಿಯುತ್ತಾರೆ. ಸಿಇಪಿ ಎಂದರೆ ಅರ್ಧದಷ್ಟು ಬಿಂದುಗಳು ಬೀಳುವ ವೃತ್ತ. ನಿಜವಾದ ಜಾಗವನ್ನು ನಡುವೆ ಇಟ್ಟು 2.5 ಮೀಟರ್ ತ್ರಿಜ್ಯದ ವೃತ್ತ ಎಳೆದರೆ ನೂರರಲ್ಲಿ ಐವತ್ತು ಅಳತೆ ಅದರೊಳಗೆ, ಉಳಿದ ಐವತ್ತು ಹೊರಗೆ. ನೂರರಲ್ಲಿ ತೊಂಬತ್ತೈದನ್ನು ಒಳಗೆ ತರಬೇಕಾದರೆ ತ್ರಿಜ್ಯವನ್ನು ಸುಮಾರು ಎರಡು ಪಟ್ಟು, ಅಂದರೆ ಐದು ಮೀಟರ್ ಚಿಲ್ಲರೆ ಮಾಡಬೇಕು. ಅದೂ ಬಯಲಿನಲ್ಲಿ, ಒಳ್ಳೆಯ ಆಂಟೆನಾ ಇದ್ದಾಗಿನ ಮಾತು.

ಅಡಿಕೆ ಮರಗಳ ಅಂತರ ಎಷ್ಟು? ಕಾಸರಗೋಡಿನಲ್ಲಿರುವ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಹೇಳುವುದು 2.7 ಮೀಟರ್, ನಮ್ಮ ಹಿರಿಯರ ಲೆಕ್ಕದ ಒಂಬತ್ತು ಅಡಿ. ಡೇಟಾಶೀಟಿನ ಎರಡೂವರೆ ಮೀಟರನ್ನು ಇದರ ಪಕ್ಕ ಇಟ್ಟು ನೋಡಿ. ಪೆಟ್ಟಿಗೆ "ಇದೇ ಮರ" ಎಂದಾಗ ಅದು ಆ ಮರ ಇರಬಹುದು, ಸುತ್ತಲಿನ ಎಂಟರಲ್ಲಿ ಯಾವುದೂ ಇರಬಹುದು, ಅದರಾಚೆಯದ್ದೂ ಇರಬಹುದು. ತೆಂಗಿಗಾದರೆ 7.5 ಮೀಟರ್ ಅಂತರ, ಅಲ್ಲಿ ಮರ ಗುರುತಿಸುವ ಮಾತಾಡಬಹುದು. ಅಡಿಕೆ ಮರಕ್ಕೆ ಒಂದೊಂದಕ್ಕೂ ಜಿಪಿಎಸ್ ನಂಬರ್ ಕೊಟ್ಟು ಲೆಕ್ಕ ಇಡುವ ಆ್ಯಪ್ ಮಾಡುವ ಎಂದು ಹೊರಟ ಗೆಳೆಯರಿಗೆ ಈ ಎರಡು ಅಂಕಿ ತೋರಿಸಿದರೆ ಸಾಕು.

ಪರೀಕ್ಷೆಗೆ ಮೊದಲು ಮನೆಯ ತಾರಸಿಯ ಮೇಲೆ ಪೆಟ್ಟಿಗೆಯನ್ನು ಅಲುಗಾಡದಂತೆ ಇಟ್ಟು ಒಂದು ಹಗಲು ಒಂದು ರಾತ್ರಿ ಸೆಕೆಂಡಿಗೊಂದರಂತೆ ಬರೆಸಿದೆ. ಬಿಂದುಗಳನ್ನು ಗ್ರಾಫಿನಲ್ಲಿ ಹಾಕಿದಾಗ ನಡುವೆ ದಟ್ಟ, ಅಂಚಿಗೆ ವಿರಳ. ಹೆಚ್ಚಿನವು ಎರಡು-ಮೂರು ಮೀಟರಿನೊಳಗೆ, ಕೆಲವು ಆರೇಳರವರೆಗೆ. ಡೇಟಾಶೀಟ್ ಸುಳ್ಳು ಹೇಳಿಲ್ಲ. ಆದರೆ ಬಿಂದುಗಳಿಗೆ ಸಮಯದ ಪ್ರಕಾರ ಬಣ್ಣ ಕೊಟ್ಟು ನೋಡಿದಾಗ ಬೇರೆಯೇ ಚಿತ್ರ ಬಂತು. ಬಿಂದುಗಳು ಎಲ್ಲೆಂದರಲ್ಲಿ ಚೆಲ್ಲಿದ್ದಲ್ಲ, ಮೇಯಲು ಬಿಟ್ಟ ದನದಂತೆ ನಿಧಾನ ಅಲೆದದ್ದು. ಹತ್ತು ನಿಮಿಷ ಒಂದು ಮೂಲೆಯಲ್ಲಿ, ಅಲ್ಲಿಂದ ಮೆಲ್ಲಗೆ ಪಶ್ಚಿಮಕ್ಕೆ, ಮತ್ತೆ ಅರ್ಧ ಗಂಟೆ ಇನ್ನೊಂದು ಮೂಲೆ.

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇದೇ. ಸೆಕೆಂಡಿನಿಂದ ಸೆಕೆಂಡಿಗೆ ಆಗುವ ನಡುಕ ಬಹಳ ಸಣ್ಣದು, ಅರ್ಧ ಮೀಟರಿಗೂ ಕಡಿಮೆ. ದೊಡ್ಡ ತಪ್ಪು ಇರುವುದು ನಿಧಾನದ ಅಲೆತದಲ್ಲಿ. ಹಾಗಾಗಿ ಪರದೆಯ ಅಂಕಿ ಅಲ್ಲಾಡದೆ ನಿಂತಿದೆ ಎಂದರೆ ಅದು ಸರಿ ಎಂದರ್ಥವಲ್ಲ. ಇದರ ಮೇಲೆ ಕೆಲವು ರಿಸೀವರ್‌ಗಳಲ್ಲಿ ವೇಗ ಒಂದು ಮಿತಿಗಿಂತ ಇಳಿದ ಕೂಡಲೇ ಸ್ಥಾನವನ್ನು ಅಲ್ಲಿಯೇ ಹಿಡಿದಿಡುವ ಸೆಟ್ಟಿಂಗ್ ಇರುತ್ತದೆ, ಸಿಗ್ನಲಿನಲ್ಲಿ ನಿಂತ ಕಾರು ಮ್ಯಾಪಿನಲ್ಲಿ ಕುಣಿಯದಿರಲೆಂದು. ನಡೆದು ಹುಡುಕುವ ಪೆಟ್ಟಿಗೆಗೆ ಅದು ಬೇಡ. ಯು-ಬ್ಲಾಕ್ಸ್‌ನಲ್ಲಿ ಚಲನೆಯ ಮಾದರಿಯನ್ನು ನಡೆಯುವವರಿಗೆ ಹೊಂದುವ 'ಪೆಡೆಸ್ಟ್ರಿಯನ್'ಗೆ ಬದಲಿಸಿ, ಹಿಡಿದಿಡುವ ಮಿತಿಯನ್ನು ಸೊನ್ನೆ ಮಾಡಿದೆ.

ಈ ಅಲೆತ ಎಲ್ಲಿಂದ ಬರುತ್ತದೆ? ರಿಸೀವರ್ ಅಳೆಯುವುದು ಸಮಯವನ್ನು. ಒಂದು ನ್ಯಾನೊಸೆಕೆಂಡ್ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್. ಉಪಗ್ರಹ ಕಳಿಸುವ ಸಂಕೇತದ ಒಂದೊಂದು ತುಣುಕು ಬೆಳಕಿನ ವೇಗದಲ್ಲಿ ಸುಮಾರು 293 ಮೀಟರ್ ಉದ್ದ. ಅದರ ನೂರನೇ ಒಂದು ಭಾಗವನ್ನು ಹಿಡಿದರೂ ಉಳಿಯುವುದು ಮೂರು ಮೀಟರ್. ಮೇಲೆ ಅಯಾನುಗೋಳ, ಅಂದರೆ ವಾತಾವರಣದ ವಿದ್ಯುತ್ಕಣಗಳ ಪದರ, ಸಿಗ್ನಲನ್ನು ತಡಮಾಡುತ್ತದೆ. ಅದರ ತಡೆ ಮಧ್ಯಾಹ್ನದ ನಂತರ, ಎರಡು ಗಂಟೆಯ ಆಸುಪಾಸಿನಲ್ಲಿ ಹೆಚ್ಚು, ರಾತ್ರಿ ಕಡಿಮೆ. ಒಂದೇ ಆವರ್ತನದ ರಿಸೀವರ್ ಉಪಗ್ರಹ ಕಳಿಸುವ ಸರಳ ಸೂತ್ರವೊಂದನ್ನು ಹಿಡಿದು ಅದರಲ್ಲಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಸರಿಪಡಿಸುತ್ತದೆ. ನಾವಿರುವ ಜಾಗವೂ ಇದಕ್ಕೆ ಅನುಕೂಲದ್ದಲ್ಲ. ಭೂಮಿಯ ಕಾಂತೀಯ ಸಮಭಾಜಕ ಹಾದುಹೋಗುವುದು ಕೇರಳದ ದಕ್ಷಿಣ ತುದಿಯ ಹತ್ತಿರ. 1963ರಲ್ಲಿ ಮೇಲಿನ ವಾತಾವರಣ ಅಳೆಯುವ ದೇಶದ ಮೊದಲ ಸೌಂಡಿಂಗ್ ರಾಕೆಟ್ಟನ್ನು ತಿರುವನಂತಪುರದ ಹತ್ತಿರದ ತುಂಬಾ ಎಂಬ ಊರಿನಿಂದ ಹಾರಿಸಿದ್ದು ಇದೇ ಕಾರಣಕ್ಕೆ. ಈ ಪಟ್ಟಿಯಲ್ಲಿ ಅಯಾನುಗೋಳ ಸದಾ ಚಂಚಲ, ಅದರಲ್ಲಿಯೂ ಮಾರ್ಚ್ ಮತ್ತು ಸೆಪ್ಟೆಂಬರ್ ಹತ್ತಿರದ ತಿಂಗಳುಗಳಲ್ಲಿ ಸೂರ್ಯಾಸ್ತದ ನಂತರ.

ಆದರೆ ತೋಟದೊಳಗೆ ಅಯಾನುಗೋಳದ ಪಾಲು ಸಣ್ಣದು. ದೊಡ್ಡ ಶತ್ರು ಪ್ರತಿಫಲನ. ಮುರಕಲ್ಲು ಕಡಿದ ಬರೆ (ಗೋಡೆಯಂತಹ ದಿಣ್ಣೆ), ಪಂಪ್ ಶೆಡ್ಡಿನ ತಗಡು, ಹಸಿ ಕಾಂಡಗಳು, ಕಣಿಯಲ್ಲಿ (ಬಸಿಗಾಲುವೆಯಲ್ಲಿ) ನಿಂತ ನೀರು ಎಲ್ಲದಕ್ಕೂ ತಾಗಿ ಸುತ್ತಿಕೊಂಡು ಬಂದ ಸಿಗ್ನಲ್ ನೇರ ಬಂದದ್ದಕ್ಕಿಂತ ಉದ್ದದ ದಾರಿ ಹಿಡಿದಿರುತ್ತದೆ. ನೇರದ್ದು ಸೋಗೆಯಲ್ಲಿ ಸೊರಗಿದ್ದರೆ ರಿಸೀವರ್ ಸುತ್ತಿಬಂದದ್ದನ್ನೇ ನಂಬುತ್ತದೆ. ತಾರಸಿಯಲ್ಲಿ ಆರೇಳಕ್ಕೆ ನಿಂತ ಅಲೆತ ತೋಟದ ನಡುವೆ ಎಂಟು ಹತ್ತು ಮೀಟರಾಯಿತು, ಬರೆಯ ಪಕ್ಕದಲ್ಲಿ ಅದಕ್ಕೂ ಹೆಚ್ಚು.

ಇಲ್ಲಿ ಎಚ್‌ಡಿಒಪಿ ಎಂಬ ಅಂಕಿಯ ಬಗ್ಗೆ ಹೇಳಬೇಕು, ಏಕೆಂದರೆ ಎಲ್ಲರೂ ಅದನ್ನೇ ನಿಖರತೆ ಎಂದು ಪರದೆಯಲ್ಲಿ ತೋರಿಸುತ್ತಾರೆ. ಅದು ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ ಎಂಬ ಜ್ಯಾಮಿತಿಯ ಅಳತೆ ಮಾತ್ರ. ನಾಲ್ಕೂ ದಿಕ್ಕಿಗೆ ಹರಡಿದ್ದರೆ ಒಂದರ ಹತ್ತಿರ, ಒಂದೇ ಕಡೆ ಗುಂಪಾಗಿದ್ದರೆ ಮೂರು, ನಾಲ್ಕು, ಇನ್ನೂ ಮೇಲೆ. ಪ್ರತಿ ಉಪಗ್ರಹದ ದೂರದಲ್ಲಿರುವ ತಪ್ಪನ್ನು ಅದು ಗುಣಿಸುತ್ತದೆ; ಆ ತಪ್ಪು ಎಷ್ಟು ಎಂದು ಅದಕ್ಕೆ ಗೊತ್ತಿಲ್ಲ. ತಗಡಿನ ಶೆಡ್ಡಿನ ಬದಿಯಲ್ಲಿ ನಿಂತಾಗ 0.9 ತೋರಿಸಿ ಎಂಟು ಮೀಟರ್ ಆಚೆ ಬಿಂದು ಇಟ್ಟದ್ದನ್ನು ನಾನು ನೋಡಿದ್ದೇನೆ. ಯು-ಬ್ಲಾಕ್ಸ್‌ನ ಸ್ವಂತ ಸಂದೇಶಗಳಲ್ಲಿ ಅಡ್ಡ ನಿಖರತೆಯ ಅಂದಾಜನ್ನು ಮಿಲಿಮೀಟರಿನಲ್ಲಿ ಕೊಡುವ ಅಂಕಿಯಿದೆ. ಅದು ಎಚ್‌ಡಿಒಪಿಗಿಂತ ಪ್ರಾಮಾಣಿಕ, ಆದರೂ ಪ್ರತಿಫಲನವನ್ನು ಪೂರ್ತಿ ಅರಿಯದು. ನನ್ನ ಪೆಟ್ಟಿಗೆಯಲ್ಲಿ ಅದನ್ನು ತೋರಿಸುವ ಮೊದಲು ಎರಡರಿಂದ ಗುಣಿಸುತ್ತೇನೆ. ತೋಟದ ಅನುಭವಕ್ಕೆ ಹೊಂದಿದ ಅಂದಾಜು ಅದು, ಶಾಸ್ತ್ರವೇನಲ್ಲ.

ಗಗನ್ ನೆರವು ಸಿಗುತ್ತದಾ ಎಂದು ಹಲವರು ಕೇಳುತ್ತಾರೆ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಒಟ್ಟಿಗೆ ಕಟ್ಟಿದ ತಿದ್ದುಪಡಿ ವ್ಯವಸ್ಥೆ ಅದು, ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಉಪಗ್ರಹಗಳ ಮೂಲಕ ಬರುತ್ತದೆ. ಸಿಕ್ಕಿದರೆ ಜಿಎಸ್‌ವಿ ಸಾಲಿನಲ್ಲಿ 40 ಮತ್ತು 41 ಎಂಬ ಸಂಖ್ಯೆಯ ಉಪಗ್ರಹಗಳು ಕಾಣುತ್ತವೆ, ಸ್ಥಾನ ಹೇಳುವ ಜಿಜಿಎ ಸಾಲಿನ ಗುಣಮಟ್ಟದ ಅಂಕಿ 1 ಇದ್ದದ್ದು 2 ಆಗುತ್ತದೆ. ತಾರಸಿಯಲ್ಲಿ ಇದರಿಂದ ಅಲೆತ ಕಣ್ಣಿಗೆ ಕಾಣುವಷ್ಟು ತಗ್ಗಿತು. ತೋಟದೊಳಗೆ ಏನೂ ಆಗಲಿಲ್ಲ. ಗಗನ್ ತಿದ್ದುವುದು ಅಯಾನುಗೋಳ ಮತ್ತು ಉಪಗ್ರಹದ ಗಡಿಯಾರ, ಕಕ್ಷೆಗಳ ತಪ್ಪನ್ನು. ನಮ್ಮ ಬರೆಗೆ ತಾಗಿ ಬಂದ ಸಿಗ್ನಲಿನ ಸುದ್ದಿ ಅದಕ್ಕೆ ಹೇಗೆ ಗೊತ್ತಾಗಬೇಕು?

ಹಾಗಾದರೆ ವಾಲ್ವಿನ ಜಾಗವನ್ನು ದಾಖಲಿಸುವುದು ಹೇಗೆ? ಸರಾಸರಿ ತೆಗೆದರೆ ಆಯಿತಲ್ಲ ಎನ್ನಬಹುದು. ಸರಾಸರಿಯಿಂದ ತಪ್ಪು ಇಳಿಯುವುದು ಒಂದೊಂದು ಅಳತೆಯೂ ಬೇರೆ ಬೇರೆ ತರಹ ತಪ್ಪಿದ್ದಾಗ. ಐದು ನಿಮಿಷದಲ್ಲಿ ಮುನ್ನೂರು ಅಳತೆ ಸಿಗುತ್ತದೆ, ಮುನ್ನೂರೂ ಹೆಚ್ಚುಕಡಿಮೆ ಒಂದೇ ಕಡೆಗೆ ವಾಲಿರುತ್ತವೆ. ಸರಾಸರಿ ಬಹಳ ನಯವಾಗಿ ಬರುತ್ತದೆ, ಆದರೆ ತಪ್ಪು ಜಾಗದಲ್ಲಿ. ಅದರ ಬದಲು ಬೆಳಿಗ್ಗೆ ಐದು ನಿಮಿಷ, ಮಧ್ಯಾಹ್ನ ಐದು ನಿಮಿಷ, ಮತ್ತೊಂದು ದಿನ ಸಂಜೆ ಐದು ನಿಮಿಷ ನಿಂತು ಆ ಮೂರರ ಸರಾಸರಿ ತೆಗೆಯುವುದು ಎಷ್ಟೋ ವಾಸಿ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜಿಪಿಎಸ್ ಉಪಗ್ರಹಗಳು ಆಕಾಶದ ಅದದೇ ಜಾಗಕ್ಕೆ ಮರಳುವುದು 23 ಗಂಟೆ 56 ನಿಮಿಷಕ್ಕೊಮ್ಮೆ. ಇಂದು ಬೆಳಿಗ್ಗೆ ಎಂಟಕ್ಕೆ ಬರೆಗೆ ತಾಗಿ ಬಂದ ಸಿಗ್ನಲ್ ನಾಳೆ ಎಂಟಕ್ಕೆ ನಾಲ್ಕು ನಿಮಿಷ ಮೊದಲೇ ಅದೇ ಕೋನದಲ್ಲಿ ತಾಗಿ ಬರುತ್ತದೆ. ದಿನಾ ಬೆಳಿಗ್ಗೆ ಕಾಫಿ ಕುಡಿದು ಒಂದೇ ಹೊತ್ತಿಗೆ ಅಳೆಯುವವನಿಗೆ ದಿನಾ ಅದೇ ತಪ್ಪು ಸಿಗುತ್ತದೆ, ಅಳತೆಗಳು ಒಂದಕ್ಕೊಂದು ತಾಳೆಯಾಗುವುದರಿಂದ ನಂಬಿಕೆಯೂ ಬರುತ್ತದೆ. ಹೊತ್ತು ಬದಲಿಸಿ ಅಳೆಯಿರಿ.

ಪ್ರೋಗ್ರಾಮಿನ ಕಡೆ ಎರಡು ಗುಂಡಿಗಳಿವೆ, ಎರಡೂ ನಮ್ಮ ಊರಿನವರಿಗೆ ವಿಶೇಷವಾಗಿ ಅಗೆದಿಟ್ಟಂತಿವೆ. ಮೊದಲನೆಯದು, ಎನ್‌ಎಂಇಎ ಸಾಲಿನ ಅಕ್ಷಾಂಶ ಡಿಗ್ರಿಯಲ್ಲಿ ಬರುವುದಿಲ್ಲ, ಡಿಗ್ರಿ ಮತ್ತು ಮಿನಿಟು ಅಂಟಿಕೊಂಡು ಬರುತ್ತದೆ. 1236.0000 ಎಂದರೆ 12 ಡಿಗ್ರಿ 36 ಮಿನಿಟು, ಅಂದರೆ 12.6 ಡಿಗ್ರಿ. ನೂರರಿಂದ ಭಾಗಿಸಿ 12.36 ಎಂದು ಓದಿದರೆ ಮಂಜೇಶ್ವರ ತಾಲೂಕಿನ ತೋಟ 26 ಕಿಲೋಮೀಟರ್ ದಕ್ಷಿಣಕ್ಕೆ ಜಾರುತ್ತದೆ. ಇಷ್ಟು ದೊಡ್ಡ ತಪ್ಪು ಕೂಡಲೇ ಕಣ್ಣಿಗೆ ಬೀಳುವುದರಿಂದ ಅಪಾಯ ಕಡಿಮೆ.

ಎರಡನೆಯದು ಕಣ್ಣಿಗೆ ಬೀಳದ ಜಾತಿ. ಹವ್ಯಾಸಿಗಳ ಆರ್ಡುಯಿನೊ ಊನೊ ಬೋರ್ಡಿನಲ್ಲಿ ದಶಮಾಂಶ ಸಂಖ್ಯೆಗೆ 'ಡಬಲ್' ಎಂದು ಬರೆದರೂ ಸಿಗುವುದು ನಾಲ್ಕು ಬೈಟಿನ 'ಫ್ಲೋಟ್' ಮಾತ್ರ. ಅದರಲ್ಲಿ ಸಂಖ್ಯೆ ದೊಡ್ಡದಾದಷ್ಟು ಎರಡು ಪಕ್ಕದ ಬೆಲೆಗಳ ನಡುವಿನ ಹೆಜ್ಜೆಯೂ ದೊಡ್ಡದು. 8ರಿಂದ 16ರ ನಡುವಿನ ಸಂಖ್ಯೆಗಳಿಗೆ ಹೆಜ್ಜೆ ಸುಮಾರು 0.00000095, 64ರಿಂದ 128ರ ನಡುವೆ ಅದರ ಎಂಟು ಪಟ್ಟು, 0.0000076. ನಮ್ಮ ಅಕ್ಷಾಂಶ 12.6, ರೇಖಾಂಶ 75.1. ಹಾಗಾಗಿ ಉತ್ತರ-ದಕ್ಷಿಣಕ್ಕೆ ಹತ್ತು ಸೆಂಟಿಮೀಟರಿನ ಹೆಜ್ಜೆ, ಪೂರ್ವ-ಪಶ್ಚಿಮಕ್ಕೆ ಎಂಬತ್ತು ಸೆಂಟಿಮೀಟರಿಗೂ ಮೇಲೆ. ಲಾಗ್ ಮಾಡಿದ ಬಿಂದುಗಳನ್ನು ದೊಡ್ಡದು ಮಾಡಿ ನೋಡಿದರೆ ನೇಜಿ ನೆಟ್ಟಂತೆ ಉತ್ತರ-ದಕ್ಷಿಣ ಸಾಲುಗಳು ಕಾಣುತ್ತವೆ, ಸಾಲಿನ ನಡುವೆ ಒಂದು ಬಿಂದುವೂ ಇರುವುದಿಲ್ಲ. ರಿಸೀವರ್ ಕೆಟ್ಟಿದೆ ಎಂದು ಹೊಸತು ತರಿಸುವ ಮೊದಲು ಇದನ್ನು ನೋಡಿಕೊಳ್ಳಿ. ಸರಾಸರಿ ತೆಗೆಯುವಾಗ ದೊಡ್ಡ ಮೊತ್ತವನ್ನು ಫ್ಲೋಟಿನಲ್ಲಿ ಕೂಡಿಸಿದರೆ ಇನ್ನೂ ಹಾಳು. ಇಎಸ್‌ಪಿ32ರಲ್ಲಿ ಡಬಲ್ ಎಂದರೆ ನಿಜವಾಗಿ ಎಂಟು ಬೈಟ್. ಊನೊವೇ ಬೇಕೆಂದರೆ ಟೈನಿಜಿಪಿಎಸ್‌ಪ್ಲಸ್ ಲೈಬ್ರರಿಯಲ್ಲಿ ಡಿಗ್ರಿಯನ್ನೂ ಅದರ ಶತಕೋಟಿ ಭಾಗಗಳನ್ನೂ ಪೂರ್ಣಾಂಕವಾಗಿ ಕೊಡುವ ಕಾಲ್ ಇದೆ, ಅದನ್ನು ಬಳಸಬಹುದು. ನಾನು ಮೊದಲ ವಾಲ್ವನ್ನೇ ಮೂಲಬಿಂದು ಮಾಡಿಕೊಂಡು, ಉಳಿದದ್ದನ್ನೆಲ್ಲ ಅಲ್ಲಿಂದ ಮೀಟರಿನಲ್ಲಿ ಇಟ್ಟಿದ್ದೇನೆ. ಉತ್ತರಕ್ಕೆ ಡಿಗ್ರಿಗೆ ಸುಮಾರು 110.6 ಕಿಲೋಮೀಟರ್, ಪೂರ್ವಕ್ಕೆ ನಮ್ಮ ಅಕ್ಷಾಂಶದಲ್ಲಿ 108.6. ಒಂದು ತೋಟದ ಅಳತೆಗೆ ಗೋಲದ ತ್ರಿಕೋನಮಿತಿ ಬೇಕಾಗಿಲ್ಲ, ಪೈಥಾಗರಸ್ ಸಾಕು.

ಬಾಣದ ಕಥೆ ಬೇರೆ. ನಿಂತಲ್ಲಿ ಜಿಪಿಎಸ್‌ಗೆ ದಿಕ್ಕು ಗೊತ್ತಿಲ್ಲ. ನಡೆಯುವಾಗ ಗೊತ್ತಾಗುತ್ತದೆ, ಆದರೆ ತೋಟದ ನಡಿಗೆ ನಾಲ್ಕು ಹೆಜ್ಜೆಗೊಮ್ಮೆ ಕಣಿ ದಾಟುವ ನಡಿಗೆ. ಅದಕ್ಕೆ ದಿಕ್ಸೂಚಿ ಚಿಪ್. ಎಚ್‌ಎಂಸಿ5883ಎಲ್ ಎಂದು ಮಾರುವ ಬೋರ್ಡುಗಳಲ್ಲಿ ಹೆಚ್ಚಿನವುಗಳ ಮೇಲೆ ಕೂತಿರುವುದು ಕ್ಯುಎಂಸಿ5883ಎಲ್. ಹೊರಗೆ ಒಂದೇ ರೂಪ, ಒಳಗಿನ ರಿಜಿಸ್ಟರ್‌ಗಳು ಬೇರೆ. ಚಿಪ್ಪಿನ ವಿಳಾಸ ಹುಡುಕುವ ಐ2ಸಿ ಸ್ಕ್ಯಾನ್ ಮಾಡಿದಾಗ ಹೆಕ್ಸ್ 1ಇ ಬಂದರೆ ಮೊದಲನೆಯದು, 0ಡಿ ಬಂದರೆ ಎರಡನೆಯದು. ಬ್ಯಾಟರಿಯ ಉಕ್ಕಿನ ಕವಚದಿಂದ ದೂರ ಇಟ್ಟು, ಪೆಟ್ಟಿಗೆಯನ್ನು ಎಲ್ಲ ಕಡೆಗೆ ತಿರುಗಿಸಿ ಕ್ಯಾಲಿಬ್ರೇಟ್ ಮಾಡಿದರೆ ಹತ್ತು ಡಿಗ್ರಿಯೊಳಗೆ ಸರಿ ತೋರಿಸುತ್ತದೆ. ನಮ್ಮಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿ, ಅದನ್ನು ಬಿಟ್ಟುಬಿಟ್ಟೆ. ಪಂಪ್ ಶೆಡ್ಡಿನ ಮೋಟಾರಿನ ಹತ್ತಿರ ಬಾಣವನ್ನು ನಂಬಬೇಡಿ.

ತೋಟದ ಮೇಲಿನ ಹಂತದ ಬರೆಯಲ್ಲಿ ನಮ್ಮದೊಂದು ಸುರಂಗವಿದೆ. ಕಾಸರಗೋಡಿನ ಗುಡ್ಡೆಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತೆಗೆಯುವ ಈ ಸುರಂಗಗಳ ಬಾಯಿಯೂ ಮಳೆಗಾಲದ ನಂತರ ಬಳ್ಳಿಯಲ್ಲಿ ಮುಚ್ಚಿಹೋಗುತ್ತದೆ. ಬಾಯಿಯ ಎದುರು ನಿಂತರೆ ಬರೆಯ ಬದಿಯ ಅರ್ಧ ಆಕಾಶ ಕಾಣುವುದಿಲ್ಲ. ಉಳಿದ ಅರ್ಧದ ಉಪಗ್ರಹಗಳ ಸಿಗ್ನಲ್ ನೇರವಾಗಿಯೂ ಬರುತ್ತದೆ, ಬರೆಗೆ ತಾಗಿ ಹಿಂದಿರುಗಿಯೂ ಬರುತ್ತದೆ. ಬಿಂದು ಪ್ರತಿಸಲ ಒಂದೇ ಕಡೆಗೆ ತಪ್ಪುತ್ತಿತ್ತು, ಹೊತ್ತು ಬದಲಿಸಿದರೂ ಪೂರ್ತಿ ಸರಿಯಾಗಲಿಲ್ಲ. ಕೊನೆಗೆ ಹದಿನೈದು ಮೀಟರ್ ಆಚೆ ತೆರೆದ ಜಾಗದಲ್ಲಿ ಬಿಂದು ತೆಗೆದು, ಅಲ್ಲಿಂದ ಬಾಯಿಗೆ ಟೇಪಿನ ಅಳತೆ ಮತ್ತು ದಿಕ್ಸೂಚಿಯ ಕೋನವನ್ನು ಬರೆದಿಟ್ಟೆ. ಆಕಾಶ ಕಾಣದ ಯಾವ ಜಾಗಕ್ಕೂ ಇದೇ ಉಪಾಯ.

ಎತ್ತರದ ಅಂಕಿಯನ್ನು ತೋರಿಸಲೇ ಇಲ್ಲ. ಲಂಬದ ತಪ್ಪು ಅಡ್ಡದ್ದಕ್ಕಿಂತ ಒಂದೂವರೆ, ಎರಡು ಪಟ್ಟು, ಏಕೆಂದರೆ ಉಪಗ್ರಹಗಳೆಲ್ಲ ತಲೆಯ ಮೇಲೇ ಇರುತ್ತವೆ, ಕಾಲ ಕೆಳಗೆ ಒಂದೂ ಇಲ್ಲ. ಇದಲ್ಲದೆ ಜಿಪಿಎಸ್‌ನ ಮೂಲ ಎತ್ತರ ಅಳೆಯಲ್ಪಡುವುದು ಗಣಿತದ ಒಂದು ಅಂಡಾಕಾರದ ಮೇಲಿನಿಂದ. ಶ್ರೀಲಂಕೆಯ ದಕ್ಷಿಣಕ್ಕೆ ಸಮುದ್ರಮಟ್ಟ ಆ ಆಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ, ಜಗತ್ತಿನಲ್ಲಿಯೇ ಅತಿ ದೊಡ್ಡ ತಗ್ಗು. ಅದರ ಅಂಚು ನಮ್ಮವರೆಗೂ ಚಾಚಿ, ಇಲ್ಲಿ ವ್ಯತ್ಯಾಸ ಸುಮಾರು 90 ಮೀಟರಿನ ಆಸುಪಾಸು. ತಪ್ಪು ಅಂಕಿಯನ್ನು ಓದಿದರೆ ಸಮುದ್ರದಿಂದ 60 ಮೀಟರ್ ಮೇಲಿರುವ ಅಂಗಳ ಮೈನಸ್ 30ರಲ್ಲಿ ಇರುತ್ತದೆ. ಸರಿಯಾದದ್ದನ್ನು ಓದಿದರೂ ಸುರಂಗದ ನೀರನ್ನು ಟ್ಯಾಂಕಿಗೆ ಇಳಿಜಾರಿನಲ್ಲಿ ತರಲು ಅದು ಉಪಯೋಗವಿಲ್ಲ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುವ ಮೇಸ್ತ್ರಿಯ ವಿಧಾನ ಇಂಚಿನ ಲೆಕ್ಕದಲ್ಲಿ ಸರಿ ಹೇಳುತ್ತದೆ.

ಮೊದಲ ಸಲ ಅಪ್ಪಚ್ಚಿಗೆ ಪೆಟ್ಟಿಗೆ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಎಂತ ಮಾಣಿ, ಇದು ಹೇಳಿದಲ್ಲಿ ಕೆರೆದರೆ ವಾಲ್ವ್ ಸಿಗ್ತದಾ?"

"ಅಲ್ಲೇ ಸಿಗ್ಲಿಕ್ಕಿಲ್ಲ ಅಪ್ಪಚ್ಚಿ. ಇಷ್ಟರೊಳಗೆ ಉಂಟು ಅಂತ ಹೇಳ್ತದೆ."

"ಇಷ್ಟರೊಳಗೆ ಅಂದ್ರೆ?"

ಕೈ ಬೀಸಿ ತೋರಿಸಿದೆ. ಏಳೆಂಟು ಮರ ಬಂತು.

"ಅಷ್ಟು ಗೊತ್ತಾದ್ರೆ ಮತ್ತೆ ಕಣಿಯ ಬದಿಯಿಂದ ಎಷ್ಟನೇ ಮರ ಅಂತ ಬರೆದಿಟ್ರೆ ಆಯ್ತಲ್ಲ" ಅಂದರು.

ಪೆಟ್ಟಿಗೆಯ ಈಗಿನ ರೂಪ ಆ ಮಾತಿನಿಂದ ಬಂದದ್ದು. ಪ್ರತಿ ವಾಲ್ವಿನ ದಾಖಲೆಯಲ್ಲಿ ಸ್ಥಾನದ ಜೊತೆಗೆ ಒಂದು ಸಾಲಿನ ಟಿಪ್ಪಣಿ ಇದೆ: 'ದೊಡ್ಡ ಕಣಿಯ ಬಡಗು ಬದಿ, ಅಡ್ಡ ಪೈಪಿನಿಂದ ಮೂರನೇ ಮರದ ಬುಡ'. ದೂರ ಎಂಟು ಮೀಟರಿಗಿಂತ ಕೆಳಗೆ ಬಂದ ಕೂಡಲೇ ಬಜರ್ ಒಮ್ಮೆ ಕೂಗುತ್ತದೆ, ಬಾಣ ಮಾಯವಾಗುತ್ತದೆ, ಟಿಪ್ಪಣಿ ಬರುತ್ತದೆ. ಎಂಟರ ಒಳಗೆ ಬಾಣ ತೋರಿಸಿದರೆ ಅದು ಸುತ್ತ ಸುತ್ತ ತಿರುಗಿ ಹಿಡಿದವರನ್ನೂ ತಿರುಗಿಸುತ್ತದೆ. ಅಲೆತ ಹೆಚ್ಚಿದ್ದ ದಿನ ಆ ಎಂಟು ತಾನಾಗಿ ಹನ್ನೆರಡಾಗುವಂತೆ, ರಿಸೀವರಿನ ಸ್ವಂತ ಅಂದಾಜಿಗೆ ಕಟ್ಟಿದ್ದೇನೆ. ಕೆಲಸಕ್ಕೆ ಹೊಸದಾಗಿ ಬಂದವರೂ ಈಗ ಇದನ್ನು ಹಿಡಿದು ಲೈನ್ ಬದಲಿಸುತ್ತಾರೆ.

ಬಳಸುವಾಗ ಒಂದು ಕ್ರಮವಿದೆ: ಅಂಗಳದಲ್ಲಿಯೇ ಆನ್ ಮಾಡಿ, ಫಿಕ್ಸ್, ಅಂದರೆ ಸ್ಥಾನ, ಬಂದ ಮೇಲೆ ತೋಟಕ್ಕೆ ಇಳಿಯಬೇಕು. ಉಪಗ್ರಹವೊಂದು ತನ್ನ ಕಕ್ಷೆಯ ವಿವರವನ್ನು ಕಳಿಸಿ ಮುಗಿಸಲು 30 ಸೆಕೆಂಡಿನ ಸುತ್ತು. ಸೋಗೆಯಡಿ ನಡುವೆ ಒಂದು ತುಂಡು ತಪ್ಪಿದರೆ ಮತ್ತೆ ಮುಂದಿನ ಸುತ್ತಿಗೆ ಕಾಯಬೇಕು. ಬೋರ್ಡಿನ ಮೇಲಿನ ಸಣ್ಣ ಬ್ಯಾಕಪ್ ಸೆಲ್ ಜೀವಂತವಿದ್ದರೆ ಮಧ್ಯಾಹ್ನ ಮತ್ತೆ ಆನ್ ಮಾಡಿದಾಗ ಕೆಲವೇ ಸೆಕೆಂಡು. ವರ್ಷಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದ ಬೋರ್ಡುಗಳಲ್ಲಿ ಅದು ಸತ್ತಿರುತ್ತದೆ.

ಪೆಟ್ಟಿಗೆ ನೋಡಿದ ನೆರೆಕರೆಯವರ ಮುಂದಿನ ಪ್ರಶ್ನೆ ಯಾವಾಗಲೂ ಗಡಿಯದ್ದು. "ನಮ್ಮ ಜಾಗ ಒಮ್ಮೆ ಅಳೆದು ಕೊಡ್ಲಿಕ್ಕಾಗ್ತದಾ ಭಾವ?" ಆಗುವುದಿಲ್ಲ ಎಂದೇ ಹೇಳುತ್ತೇನೆ, ಕಾರಣವನ್ನೂ ಲೆಕ್ಕದಲ್ಲಿ ಕೊಡುತ್ತೇನೆ. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್, ಚೌಕ ಮಾಡಿದರೆ ಬದಿ 6.36 ಮೀಟರ್. ನೂರು ಮೀಟರಿನ ಗಡಿಯೊಂದು ಎರಡೂವರೆ ಮೀಟರ್ ಆಚೆಗೆ ಜಾರಿದರೆ ಆರು ಸೆಂಟ್ಸ್ ಜಾಗ ಪಕ್ಕದವರ ಪಾಲಾಯಿತು. ಕೇರಳದಲ್ಲಿ 2022ರ ನವೆಂಬರಿನಲ್ಲಿ ಶುರುವಾದ ಡಿಜಿಟಲ್ ಮರುಸರ್ವೇಯವರ ಕೈಯಲ್ಲಿರುವ ಉಪಕರಣವೂ ಉಪಗ್ರಹವನ್ನೇ ನಂಬಿದೆ, ಆದರೆ ವಿಧಾನ ಬೇರೆ. ಅದು 293 ಮೀಟರಿನ ಸಂಕೇತದ ತುಣುಕಿನ ಮೇಲೆ ನಿಲ್ಲದೆ 19 ಸೆಂಟಿಮೀಟರಿನ ಅಲೆಯನ್ನೇ ಅಳೆಯುತ್ತದೆ, ಸ್ಥಾನ ಖಚಿತವಾಗಿ ಗೊತ್ತಿರುವ ಸ್ಥಿರ ಕೇಂದ್ರಗಳಿಂದ ಕ್ಷಣಕ್ಷಣಕ್ಕೂ ತಿದ್ದುಪಡಿ ಪಡೆಯುತ್ತದೆ. ಆರ್‌ಟಿಕೆ ಎಂಬ ಈ ವಿಧಾನ ಈಗ ಹವ್ಯಾಸಿಗಳಿಗೂ ಎಟುಕುತ್ತದೆ, ಯು-ಬ್ಲಾಕ್ಸ್‌ನ ಝಡ್‌ಇಡಿ-ಎಫ್9ಪಿ ಬೋರ್ಡ್ ಎರಡು ತಂದರೆ ಒಂದನ್ನು ತಾರಸಿಯಲ್ಲಿ ಸ್ಥಿರವಾಗಿಟ್ಟು ಇನ್ನೊಂದನ್ನು ಹಿಡಿದು ನಡೆಯಬಹುದು. ಬಯಲಿನಲ್ಲಿ ಅದು ಸೆಂಟಿಮೀಟರ್ ಕೊಡುತ್ತದೆ. ಅಡಿಕೆ ತೋಟದೊಳಗೆ ಅಲೆಯ ಎಣಿಕೆ ಸೋಗೆ ಸೋಗೆಗೂ ಕಡಿಯುತ್ತದೆ, ಮತ್ತೆ ಮೊದಲಿನಿಂದ ಎಣಿಸಬೇಕಾಗುತ್ತದೆ. ನನ್ನ ಕೆಲಸಕ್ಕೆ ಅಷ್ಟು ಖರ್ಚು ತಕ್ಕದ್ದಲ್ಲ.

ಹಣ ಹಾಕುವುದೇ ಆದರೆ ಮೇಲೆ ಹೇಳಿದ 1575.42 ಮೆಗಾಹರ್ಟ್ಸ್, ಅಂದರೆ ಎಲ್1, ಜೊತೆಗೆ ಎಲ್5 ಎಂಬ ಇನ್ನೊಂದು ಆವರ್ತನವನ್ನೂ ಹಿಡಿಯುವ ರಿಸೀವರ್‌ಗೆ ಹಾಕುವುದು ನನ್ನ ಮತ. ಎಲ್5ರ ಸಂಕೇತದ ತುಣುಕು ಹತ್ತರಲ್ಲೊಂದು ಉದ್ದ, ಸುಮಾರು 29 ಮೀಟರ್. ಸುತ್ತಿ ಬಂದ ಸಿಗ್ನಲನ್ನು ನೇರದ್ದರಿಂದ ಬೇರ್ಪಡಿಸಲು ಅದು ಸುಲಭ, ಎರಡು ಆವರ್ತನ ಸಿಗುವುದರಿಂದ ಅಯಾನುಗೋಳದ ತಡೆಯನ್ನೂ ನೇರವಾಗಿ ಅಳೆದು ಕಳೆಯಬಹುದು. ಈಚಿನ ಕೆಲವು ಮೊಬೈಲುಗಳಲ್ಲಿಯೂ ಇದಿದೆ. ಆದರೆ ಕೆಸರು ಕೈಯಲ್ಲಿ, ಹನಿ ಬೀಳುವ ತೋಟದಲ್ಲಿ ಮೊಬೈಲ್ ತೆಗೆಯುವುದಕ್ಕಿಂತ ಎರಡು ಬಟನ್ನಿನ ಡಬ್ಬಿಯೇ ನನಗೆ ಹಿತ.

ಮುಂದಿನ ಮಳೆಗೆ ಮೊದಲು ಮಾಡಬೇಕಾದದ್ದು ಚಾರ್ಜಿಂಗ್ ತೂತಿಗೆ ರಬ್ಬರ್ ಮುಚ್ಚಳ, ಮತ್ತೆ ಹೊಸದಾಗಿ ಹಾಕಿದ ಡ್ರಿಪ್ ಲೈನಿನ ವಾಲ್ವುಗಳನ್ನು ಸೇರಿಸುವುದು. ಅವುಗಳ ಟಿಪ್ಪಣಿ ಅಪ್ಪಚ್ಚಿಯೇ ಹೇಳಿ ಬರೆಸಿದ್ದಾರೆ, ಬೆಳಗಿನ ಅಳತೆ ಆಗಿದೆ, ಮಧ್ಯಾಹ್ನದ್ದು ಬಾಕಿ.